ಪಟ್ಟಿಯಲ್ಲಿಲ್ಲದ ಕೆಲಸ

ಆಸ್ಪತ್ರೆಯ ವಾರ್ಡಿನಲ್ಲಿ ನೆಲ ಒರೆಸುವ ಹೆಂಗಸನ್ನು ನಾವೆಲ್ಲ ನೋಡಿರುತ್ತೇವೆ. ಆದರೆ ಆಕೆಯ ಮುಖ ಎಷ್ಟು ಮಂದಿಗೆ ನೆನಪಿದೆ? ಡಾಕ್ಟರರ ಹೆಸರು ನೆನಪಿರುತ್ತದೆ. ಇಂಜೆಕ್ಷನ್ ಕೊಟ್ಟ ನರ್ಸ್ ಕೂಡ ನೆನಪಿರುತ್ತಾರೆ. ಬೆಳಿಗ್ಗೆ ಬಂದು ಮಂಚದ ಕೆಳಗಿನ ಕಸ ಗುಡಿಸಿ, ಬಕೆಟ್ ಎತ್ತಿಕೊಂಡು ಹೋದವರು ಮಾತ್ರ ನೆನಪಿರುವುದಿಲ್ಲ. ಇಂತಹ ಕೆಲಸದಲ್ಲಿ ಸ್ವಂತ ಬುದ್ಧಿಗೆ ಏನು ಜಾಗವಿದೆ, ಹೇಳಿದ್ದನ್ನು ಮಾಡಿ ಮುಗಿಸಿದರೆ ಸಾಕಲ್ಲವೇ ಎಂದು ನಮಗೆ ಅನಿಸುವುದು ಸಹಜ.

ಆದರೆ ಅಮೆರಿಕದ ಸಂಶೋಧಕಿಯರಾದ ಎಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್‌ರಿಗೆ ಹಾಗೆ ಅನಿಸಲಿಲ್ಲ. ಅವರು ತಮ್ಮ ಸಂಗಡಿಗರೊಂದಿಗೆ ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯ ಶುಚಿತ್ವ ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಿದರು. 'ನಿಮ್ಮ ಕೆಲಸ ಏನು? ದಿನವಿಡೀ ಏನೇನು ಮಾಡುತ್ತೀರಿ? ಯಾರ ಜೊತೆ ಮಾತನಾಡುತ್ತೀರಿ?' ಎಂದು ಕೇಳಿದರು. ಎಲ್ಲರಿಗೂ ಆಸ್ಪತ್ರೆ ಕೊಟ್ಟಿದ್ದ ಕೆಲಸದ ಪಟ್ಟಿ ಒಂದೇ ಆಗಿತ್ತು. ಆ ಪಟ್ಟಿಯಲ್ಲಿ ಗುಡಿಸುವುದು, ಒರೆಸುವುದು, ತೊಳೆಯುವುದು, ಕಸ ಸಾಗಿಸುವುದು ಇತ್ತು. ರೋಗಿಯ ಬಗ್ಗೆ ಒಂದು ಮಾತೂ ಇರಲಿಲ್ಲ.

ಆದರೆ ಉತ್ತರಗಳು ಎರಡು ಬಗೆಯಾದವು. ಒಂದು ಗುಂಪಿನವರು ಪಟ್ಟಿಯಲ್ಲಿ ಇದ್ದುದನ್ನೇ ಹೇಳಿದರು. ಕೆಲಸಕ್ಕೆ ದೊಡ್ಡ ಕೌಶಲವೇನೂ ಬೇಡ ಎಂದರು. ಯಾರೊಡನೆಯೂ ಹೆಚ್ಚು ಮಾತಿಲ್ಲ, ಕೆಲಸ ಮುಗಿಸಿ ಹೊರಡುವುದಷ್ಟೇ ಎಂದರು. ಇನ್ನೊಂದು ಗುಂಪಿನವರ ಉತ್ತರದಲ್ಲಿ ರೋಗಿಗಳೇ ತುಂಬಿದ್ದರು. ಯಾವ ರೋಗಿಗೆ ನೋಡಲು ಬರುವವರಿಲ್ಲ ಎಂದು ಇವರಿಗೆ ಗೊತ್ತಿತ್ತು. ಅಂತಹವರ ಕೋಣೆಯಲ್ಲಿ ಎರಡು ಮಾತು ಹೆಚ್ಚು ಆಡುತ್ತಿದ್ದರು. ದಾರಿ ತಪ್ಪಿದ ವಯಸ್ಸಾದ ಸಂದರ್ಶಕರನ್ನು ಅವರ ವಾಹನದವರೆಗೆ ಬಿಟ್ಟು ಬರುತ್ತಿದ್ದರು. ನರ್ಸ್‌ಗಳ ಕೆಲಸಕ್ಕೆ ಅಡ್ಡಿಯಾಗದಂತೆ ತಮ್ಮ ಗುಡಿಸುವ ಸಮಯವನ್ನು ಹೊಂದಿಸಿಕೊಳ್ಳುತ್ತಿದ್ದರು. ಪ್ರಜ್ಞೆ ಇಲ್ಲದೆ ಮಲಗಿದ ರೋಗಿಗಳ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳೆ ಗೋಡೆಯ ಚಿತ್ರಗಳನ್ನು ಆಗಾಗ ಒಂದು ಕೋಣೆಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಸುತ್ತಮುತ್ತ ಏನಾದರೂ ಬದಲಾದರೆ ರೋಗಿಗೆ ಒಳ್ಳೆಯದಾಗಬಹುದು ಎಂಬುದು ಆಕೆಯ ಆಸೆ. ಅದನ್ನು ಮಾಡಿ ಎಂದು ಯಾರೂ ಹೇಳಿರಲಿಲ್ಲ.

ಈ ಎರಡನೆಯ ಗುಂಪಿನವರು ತಮ್ಮನ್ನು ಬರೀ ಗುಡಿಸುವವರು ಎಂದುಕೊಂಡಿರಲಿಲ್ಲ. ರೋಗಿ ಗುಣವಾಗಿ ಮನೆಗೆ ಹೋಗುವುದರಲ್ಲಿ ತಮಗೂ ಪಾಲಿದೆ ಎಂದು ತಿಳಿದಿದ್ದರು.

ಹೆಸರು ಬಂದದ್ದು 2001ರಲ್ಲಿ

ನೌಕರರು ತಮಗೆ ಕೊಟ್ಟ ಕೆಲಸವನ್ನು ಒಳಗಿನಿಂದಲೇ ತಿದ್ದಿಕೊಳ್ಳುವ ಈ ರೀತಿಗೆ ರೆಸ್ನೆಸ್ಕಿ ಮತ್ತು ಡಟನ್ 2001ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ 'ಜಾಬ್ ಕ್ರಾಫ್ಟಿಂಗ್' ಎಂದು ಹೆಸರಿಟ್ಟರು. ಬಡಗಿ ಮರವನ್ನು ಕೆತ್ತುವಂತೆ ಕೆಲಸವನ್ನು ಕೆತ್ತಿಕೊಳ್ಳುವುದು ಎಂದು ಅರ್ಥ ಮಾಡಿಕೊಳ್ಳಬಹುದು. ಮರ ಕೊಟ್ಟವರು ಬೇರೆಯವರು, ಆಕಾರ ಕೊಡುವ ಕೈ ನಮ್ಮದು.

ಅದಕ್ಕಿಂತ ಮೊದಲು ಸುಮಾರು ನೂರು ವರ್ಷ ಕಾರ್ಖಾನೆ ಮತ್ತು ಕಚೇರಿಗಳನ್ನು ಆಳಿದ್ದು ಇದಕ್ಕೆ ತದ್ವಿರುದ್ಧವಾದ ವಿಚಾರ. ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ಟೇಲರ್ 1911ರಲ್ಲಿ ಬರೆದ ಪುಸ್ತಕದಲ್ಲಿ, ಪ್ರತಿಯೊಂದು ಕೆಲಸಕ್ಕೂ ಒಂದೇ ಒಂದು ಅತ್ಯುತ್ತಮ ವಿಧಾನವಿದೆ, ಅದನ್ನು ಕಂಡುಹಿಡಿಯುವುದು ಆಡಳಿತದವರ ಹೊಣೆ, ಹೇಳಿದಂತೆ ಮಾಡುವುದು ಕೆಲಸಗಾರನ ಹೊಣೆ ಎಂದು ವಾದಿಸಿದ್ದ. ಯೋಚಿಸುವವರು ಒಂದು ಕಡೆ, ದುಡಿಯುವವರು ಇನ್ನೊಂದು ಕಡೆ. 1970ರ ದಶಕದಲ್ಲಿ ಕೆಲಸವನ್ನು ಹೆಚ್ಚು ಅರ್ಥಪೂರ್ಣವಾಗಿ ರೂಪಿಸಬೇಕು ಎಂಬ ಚಿಂತನೆ ಬಲವಾಯಿತು. ಆದರೆ ಅಲ್ಲಿಯೂ ರೂಪಿಸುವವರು ಮೇಲಿನವರೇ. ಕೆಳಗಿರುವವರೂ ಸದ್ದಿಲ್ಲದೆ ತಮ್ಮ ಕೆಲಸವನ್ನು ರೂಪಿಸಿಕೊಳ್ಳುತ್ತಲೇ ಇದ್ದಾರೆ ಎಂಬುದನ್ನು ಎತ್ತಿ ತೋರಿಸಿದ್ದೇ 2001ರ ಲೇಖನದ ಹೆಚ್ಚುಗಾರಿಕೆ.

ಮೂರು ದಾರಿಗಳು

ಕೆಲಸವನ್ನು ತಿದ್ದಿಕೊಳ್ಳಲು ಅವರು ಮೂರು ದಾರಿಗಳನ್ನು ಗುರುತಿಸಿದರು.

ಒಂದು, ಮಾಡುವ ಕೆಲಸಗಳನ್ನೇ ಬದಲಿಸುವುದು. ಯಾವುದಕ್ಕೆ ಹೆಚ್ಚು ಸಮಯ, ಯಾವುದು ಮೊದಲು, ಯಾವುದು ಆಮೇಲೆ, ಹೊಸದಾಗಿ ಏನು ಸೇರಿಸಬಹುದು ಎಂದು ನೋಡುವುದು. ಖಾಸಗಿ ಶಾಲೆಯ ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ನೋಟ್ಸ್ ಬರೆಸುವ ಅವಧಿಯಲ್ಲಿ ಹತ್ತು ನಿಮಿಷ ಉಳಿಸಿ, ಓದಲು ತಡವರಿಸುವ ನಾಲ್ಕು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಓದಿಸುತ್ತಾರೆ. ಪಾಠಪಟ್ಟಿ ಬದಲಾಗಲಿಲ್ಲ, ಸಂಬಳ ಬದಲಾಗಲಿಲ್ಲ. ಅವರ ಕೆಲಸ ಮಾತ್ರ ಬದಲಾಯಿತು.

ಎರಡು, ಸಂಬಂಧಗಳನ್ನು ಬದಲಿಸುವುದು. ಯಾರ ಜೊತೆ ಬೆರೆಯಬೇಕು, ಯಾರಿಂದ ಕಲಿಯಬೇಕು, ಯಾರಿಗೆ ಕಲಿಸಬೇಕು ಎಂಬುದನ್ನು ತಾನೇ ತೀರ್ಮಾನಿಸುವುದು. ಗಲ್ಫ್‌ನ ಒಂದು ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿರುವ ನಮ್ಮೂರಿನ ಹುಡುಗ, ಹೊಸದಾಗಿ ಬಂದವನಿಗೆ ಬಿಲ್ಲಿಂಗ್ ಕಲಿಸುವ ಹೊಣೆಯನ್ನು ತಾನಾಗಿ ವಹಿಸಿಕೊಂಡರೆ ಅದು ಈ ಬಗೆಯದು.

ಮೂರು, ನೋಡುವ ದೃಷ್ಟಿಯನ್ನು ಬದಲಿಸುವುದು. ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಚೀಟಿ ಬರೆಯುವ ಹುಡುಗಿ 'ನಾನು ದಿನಕ್ಕೆ ಇನ್ನೂರು ಚೀಟಿ ಬರೆಯುತ್ತೇನೆ' ಎನ್ನಬಹುದು. 'ಗಾಬರಿಯಲ್ಲಿ ಬಂದವರಿಗೆ ಮೊದಲು ಸಿಗುವ ಮುಖ ನನ್ನದು' ಎಂದೂ ಹೇಳಬಹುದು. ಎರಡೂ ಸತ್ಯ. ಆದರೆ ಎರಡನೆಯ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡವಳ ಧ್ವನಿ ಬೇರೆಯಾಗಿರುತ್ತದೆ.

ಈ ದೃಷ್ಟಿಯ ವಿಷಯದಲ್ಲಿ 1997ರ ಒಂದು ಅಧ್ಯಯನ ಕುತೂಹಲಕರ. ರೆಸ್ನೆಸ್ಕಿ ಮತ್ತು ಇತರರು 196 ನೌಕರರನ್ನು ಪ್ರಶ್ನಿಸಿದ್ದರು. ಕೆಲವರಿಗೆ ಕೆಲಸವೆಂದರೆ ಸಂಪಾದನೆಯ ದಾರಿ, ಕೆಲವರಿಗೆ ಮೇಲೇರುವ ಏಣಿ, ಇನ್ನು ಕೆಲವರಿಗೆ ಬದುಕಿನ ಒಂದು ಸಾರ್ಥಕ ಭಾಗ. ಹುದ್ದೆ ದೊಡ್ಡದಾದರೆ ಸಾರ್ಥಕ, ಸಣ್ಣದಾದರೆ ಹೊಟ್ಟೆಪಾಡು ಎಂದು ನಾವು ಭಾವಿಸುತ್ತೇವಲ್ಲವೇ? ಆ ಅಧ್ಯಯನದಲ್ಲಿ ಒಂದೇ ಬಗೆಯ ಕಚೇರಿ ಕೆಲಸ ಮಾಡುವ 24 ಮಂದಿ ಸಹಾಯಕರಿದ್ದರು. ಅವರೂ ಈ ಮೂರು ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದರು. ಮೇಜು ಒಂದೇ, ಫೈಲು ಒಂದೇ ಆಗಿದ್ದರೂ ಕೆಲಸದ ಅರ್ಥ ಒಂದೇ ಆಗಿರಲಿಲ್ಲ.

ಕೆಲಸ ನಿಜವಾಗಿ ಸುಧಾರಿಸುತ್ತದೆಯೇ?

ಇಷ್ಟು ಹೊತ್ತು ಹೇಳಿದ್ದು ಕೆಲಸ ಮಾಡುವವರ ಸಮಾಧಾನದ ಮಾತು. ಕೆಲಸ ಕೊಟ್ಟವರ ಪ್ರಶ್ನೆ ಬೇರೆ. 'ಆಕೆಗೆ ಸಂತೋಷವಾಯಿತು, ಸರಿ. ಕೆಲಸ ಚೆನ್ನಾಗಿ ನಡೆಯಿತೇ?' ಈ ಪ್ರಶ್ನೆ ನ್ಯಾಯವಾದದ್ದೇ. ರೋಗಿಗೆ, ವಿದ್ಯಾರ್ಥಿಗೆ, ಗ್ರಾಹಕರಿಗೆ ಬೇಕಾದದ್ದೂ ಇದರ ಉತ್ತರವೇ.

ನೆದರ್ಲ್ಯಾಂಡ್ಸ್‌ನ ಮರಿಯಾ ಟಿಮ್ಸ್, ಆರ್ನಾಲ್ಡ್ ಬ್ಯಾಕರ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ಅಳೆಯುವ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಅದರಲ್ಲಿ ನಾಲ್ಕು ಅಂಶಗಳಿವೆ. ಹೊಸದನ್ನು ಕಲಿತು ಸ್ವಂತ ಸಾಮರ್ಥ್ಯ ಹೆಚ್ಚಿಸಿಕೊಳ್ಳುವುದು, ಮೇಲಧಿಕಾರಿ ಮತ್ತು ಸಹೋದ್ಯೋಗಿಗಳಿಂದ ಸಲಹೆ ಹಾಗೂ ನೆರವು ಕೇಳುವುದು, ಸವಾಲಿನ ಹೊಸ ಹೊಣೆಯನ್ನು ತಾನಾಗಿ ಹೊರುವುದು, ಕಿರಿಕಿರಿಯ ಹೊರೆಯನ್ನು ಕಡಿಮೆ ಮಾಡಿಕೊಳ್ಳುವುದು. ಆಮೇಲೆ ಹಲವು ದೇಶಗಳಲ್ಲಿ ನೂರಾರು ಅಧ್ಯಯನಗಳು ನಡೆದವು.

2017ರಲ್ಲಿ ಕೋರ್ಟ್ ರುಡಾಲ್ಫ್ ಮತ್ತು ಸಂಗಡಿಗರು ಅಂತಹ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. 122 ಗುಂಪುಗಳು, ಒಟ್ಟು 35,670 ನೌಕರರು. ತಮ್ಮ ಕೆಲಸವನ್ನು ತಿದ್ದಿಕೊಳ್ಳುವವರಲ್ಲಿ ಕೆಲಸದ ಉತ್ಸಾಹ ಹೆಚ್ಚಿರುತ್ತದೆ ಎಂಬುದು ಸ್ಪಷ್ಟವಾಗಿ ಕಂಡಿತು. ಕೆಲಸದ ಗುಣಮಟ್ಟಕ್ಕೂ ಅದಕ್ಕೂ ನಂಟಿದೆ ಎಂಬುದೂ ಕಂಡಿತು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ನೌಕರರು ತಮಗೆ ತಾವೇ ಅಂಕ ಕೊಟ್ಟುಕೊಂಡಾಗ ಈ ನಂಟು ಬಲವಾಗಿ ಕಂಡಿತು. ಬೇರೆಯವರು ಅಂಕ ಕೊಟ್ಟಾಗ ಅಷ್ಟು ಬಲವಾಗಿರಲಿಲ್ಲ. ನಮ್ಮ ಅಡುಗೆಯ ರುಚಿಯ ಬಗ್ಗೆ ನಮ್ಮ ಅಭಿಪ್ರಾಯಕ್ಕೂ ಊಟ ಮಾಡಿದವರ ಅಭಿಪ್ರಾಯಕ್ಕೂ ಇರುವ ಅಂತರದಂತೆ ಇದು.

ಇನ್ನೊಂದು ಸಂದೇಹವೂ ಇದೆ. ಮೊದಲೇ ಚುರುಕಾಗಿರುವವರು ತಾನೇ ಕೆಲಸವನ್ನು ತಿದ್ದಿಕೊಳ್ಳಲು ಹೊರಡುವುದು? ಹಾಗಿದ್ದರೆ ಯಾವುದು ಕಾರಣ, ಯಾವುದು ಪರಿಣಾಮ? ಇದನ್ನು ತಿಳಿಯಲು ಕೆಲವರಿಗೆ ಇದರ ತರಬೇತಿ ಕೊಟ್ಟು, ಕೊಡದವರೊಂದಿಗೆ ಹೋಲಿಸಿ ನೋಡಿದರು. 2018ರಲ್ಲಿ ಪ್ರಕಟವಾದ ಇಂತಹ ಒಂದು ಅಧ್ಯಯನದಲ್ಲಿ ತಜ್ಞ ವೈದ್ಯರ ಒಂದು ಗುಂಪು ಮತ್ತು ನರ್ಸ್‌ಗಳ ಒಂದು ಗುಂಪು ಪಾಲ್ಗೊಂಡಿದ್ದವು. ತಮ್ಮ ಕೆಲಸದಲ್ಲಿ ಏನನ್ನು ತಿದ್ದಿಕೊಳ್ಳಬಹುದು ಎಂದು ತಾವೇ ಗುರಿ ಹಾಕಿಕೊಂಡು ಕೆಲವು ವಾರ ಪ್ರಯತ್ನಿಸಿದರು. ತರಬೇತಿ ಪಡೆದವರ ಉತ್ಸಾಹವೂ ಕೆಲಸವೂ ಪಡೆಯದವರಿಗಿಂತ ಉತ್ತಮಗೊಂಡವು. ಅಂದರೆ ಇದು ಹುಟ್ಟಿನಿಂದ ಬರುವ ಗುಣ ಮಾತ್ರ ಅಲ್ಲ, ಕಲಿಯಲು ಸಾಧ್ಯವಾದ ಅಭ್ಯಾಸವೂ ಹೌದು.

ಸೇರಿಸುವುದು ಬೇರೆ, ಜಾರಿಕೊಳ್ಳುವುದು ಬೇರೆ

ಕೆಲಸವನ್ನು ತಿದ್ದಿಕೊಳ್ಳುವುದು ಎಂದ ಕೂಡಲೇ 'ಬೇಡದ್ದನ್ನು ಬಿಟ್ಟುಬಿಡುವುದು' ಎಂದು ಅರ್ಥ ಮಾಡಿಕೊಳ್ಳುವವರಿದ್ದಾರೆ. ಕಷ್ಟದ ರೋಗಿಯ ಕೋಣೆಗೆ ಹೋಗದಿರುವುದು, ಜಗಳಗಂಟ ಗ್ರಾಹಕನನ್ನು ಪಕ್ಕದ ಕೌಂಟರಿಗೆ ಕಳಿಸುವುದು, ತೊಡಕಿನ ಫೈಲನ್ನು ಅಡಿಗೆ ಸರಿಸುವುದು. ಇದೂ ತಿದ್ದುಪಡಿಯೇ. ಆದರೆ ಇದರ ಫಲ ಬೇರೆ.

ಸಾಮರ್ಥ್ಯ, ಸಂಬಂಧ, ಸವಾಲುಗಳನ್ನು ಸೇರಿಸಿಕೊಳ್ಳುವ ಬಗೆಯ ತಿದ್ದುಪಡಿಯಿಂದ ಕೆಲಸ ಸುಧಾರಿಸುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹೊರೆಯಿಂದ ಜಾರಿಕೊಳ್ಳುವ ಬಗೆಯಿಂದ ಅಂತಹ ಲಾಭ ಸಾಮಾನ್ಯವಾಗಿ ಕಾಣುವುದಿಲ್ಲ. ಟಿಮ್ಸ್, ಬ್ಯಾಕರ್ ಮತ್ತು ಡೆರ್ಕ್ಸ್ 2015ರಲ್ಲಿ ಜೋಡಿಯಾಗಿ ಕೆಲಸ ಮಾಡುವ ನೌಕರರನ್ನು ಗಮನಿಸಿದರು. ಒಬ್ಬರು ತಮ್ಮ ಹೊರೆ ಇಳಿಸಿಕೊಂಡಲ್ಲಿ ಜೊತೆಗಾರರ ಹೊರೆ ಏರಿತ್ತು, ಅವರ ನಡುವೆ ಮನಸ್ತಾಪವೂ ಹೆಚ್ಚಿತ್ತು.

ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಬ್ಬದ ದಿನ ಒಬ್ಬ ಸೊಸೆ ಈರುಳ್ಳಿ ಹೆಚ್ಚುವ ಕೆಲಸದಿಂದ ಜಾಣತನದಿಂದ ತಪ್ಪಿಸಿಕೊಂಡರೆ ಈರುಳ್ಳಿ ತಾನಾಗಿ ಹೆಚ್ಚಿಕೊಳ್ಳುವುದಿಲ್ಲ. ಇನ್ನೊಬ್ಬಳ ಕಣ್ಣು ಉರಿಯುತ್ತದೆ. ಆದ್ದರಿಂದ ಕೆಲಸವನ್ನು ತಿದ್ದುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾನು ಕೆಳಗಿಟ್ಟದ್ದನ್ನು ಎತ್ತುವವರು ಯಾರು?

ಹಾಗೆಂದು ಹೊರೆ ಇಳಿಸುವುದೇ ತಪ್ಪು ಎಂದಲ್ಲ. ಒಂದೇ ಮಾಹಿತಿಯನ್ನು ಮೂರು ರಿಜಿಸ್ಟರ್‌ಗಳಲ್ಲಿ ಬರೆಯುವ ಪದ್ಧತಿಯನ್ನು ಎಲ್ಲರೂ ಕೂಡಿ ಮಾತನಾಡಿ ಒಂದಕ್ಕೆ ಇಳಿಸಿದರೆ ಅದರಿಂದ ಯಾರ ಕಣ್ಣೂ ಉರಿಯುವುದಿಲ್ಲ. ಕದ್ದು ಇಳಿಸುವುದಕ್ಕೂ ಕೂಡಿ ಇಳಿಸುವುದಕ್ಕೂ ವ್ಯತ್ಯಾಸವಿದೆ.

ಪುಟ್ಟ ಮಕ್ಕಳ ತರಗತಿಯ ಪಾಠ

ಈ ಕೂಡಿ ಮಾಡುವ ಮಾತಿಗೆ ಒಳ್ಳೆಯ ಆಧಾರ ಸಿಗುವುದು ಅಮೆರಿಕದ ಶಿಶುಪಾಲನಾ ಕೇಂದ್ರಗಳಿಂದ. ಕ್ಯಾರಿ ಲಿಯಾನಾ, ಐಲೀನ್ ಆಪಲ್‌ಬಾಮ್ ಮತ್ತು ಇರಿನಾ ಶೆವ್ಚುಕ್ ಎಂಬ ಮೂವರು ಸಂಶೋಧಕಿಯರು ಅಲ್ಲಿನ 200ಕ್ಕೂ ಹೆಚ್ಚು ಶಿಕ್ಷಕಿಯರು ಮತ್ತು ಸಹಾಯಕಿಯರ ಕೆಲಸವನ್ನು ಅಧ್ಯಯನ ಮಾಡಿ 2009ರಲ್ಲಿ ವರದಿ ಪ್ರಕಟಿಸಿದರು. ಒಂದು ತರಗತಿಯಲ್ಲಿ ಶಿಕ್ಷಕಿ ಮತ್ತು ಸಹಾಯಕಿ ಒಟ್ಟಿಗೆ ಇರುತ್ತಾರೆ. ಮಕ್ಕಳು ಅಳುತ್ತಾರೆ, ಬೀಳುತ್ತಾರೆ, ಜಗಳವಾಡುತ್ತಾರೆ. ಇಲ್ಲಿ ಟೇಲರ್‌ನ 'ಒಂದೇ ಅತ್ಯುತ್ತಮ ವಿಧಾನ' ನಡೆಯುವುದಿಲ್ಲ. ಬೆಳಿಗ್ಗೆ ಹಾಕಿಕೊಂಡ ಯೋಜನೆ ಹತ್ತು ಗಂಟೆಗೆಲ್ಲ ತಲೆಕೆಳಗಾಗಿರುತ್ತದೆ.

ಇವರೆಲ್ಲ ತಮ್ಮ ಕೆಲಸವನ್ನು ತಿದ್ದಿಕೊಳ್ಳುತ್ತಿದ್ದರು. ಕೆಲವರು ಒಬ್ಬೊಬ್ಬರೇ ತಮಗೆ ತೋಚಿದಂತೆ ಬದಲಾವಣೆ ಮಾಡುತ್ತಿದ್ದರು. ಇನ್ನು ಕೆಲವರು ತರಗತಿಯ ಜೊತೆಗಾತಿಯರೊಂದಿಗೆ ಮಾತನಾಡಿ, ಒಟ್ಟಾಗಿ ಬದಲಾಯಿಸುತ್ತಿದ್ದರು. ಆರೈಕೆಯ ಗುಣಮಟ್ಟವನ್ನು ನೋಡಿದಾಗ, ಒಟ್ಟಾಗಿ ಬದಲಾಯಿಸಿಕೊಂಡಲ್ಲಿ ಅದು ಹೆಚ್ಚು ಚೆನ್ನಾಗಿತ್ತು. ಇದರ ಲಾಭ ಹೆಚ್ಚು ಸಿಕ್ಕಿದ್ದು ಅನುಭವ ಕಡಿಮೆ ಇದ್ದ ಶಿಕ್ಷಕಿಯರಿಗೆ. ಹಳಬರ ಅನುಭವ ಹೊಸಬರ ಕೈಗೆ ದಾಟಲು ಇಂತಹ ಮಾತುಕತೆಯೇ ಸೇತುವೆಯಾಗುತ್ತದೆ ಎಂದು ಇದನ್ನು ಅರ್ಥೈಸಬಹುದು.

ಇದನ್ನು ಓದುವಾಗ ನಮ್ಮ ಬೀದಿಯ ಅಂಗನವಾಡಿ ನೆನಪಾಗದಿರದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಸಾಮಾನ್ಯವಾಗಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸಿಕೊಡುವುದು, ತಾಯಂದಿರಿಗೆ ತಿಳುವಳಿಕೆ ಎಂಬ ಆರು ಸೇವೆಗಳು ಇವರ ಕೇಂದ್ರದ ಮೂಲಕ ಮನೆಮನೆಗೆ ತಲುಪಬೇಕು. ಇದರ ಮೇಲೆ ಸಮೀಕ್ಷೆಗಳು, ಮೊಬೈಲ್‌ನಲ್ಲಿ ತುಂಬಬೇಕಾದ ಮಾಹಿತಿ.

ಪಟ್ಟಿ ಇಷ್ಟು ಉದ್ದವಿರುವಾಗ ಹೆಚ್ಚಿನದನ್ನು ಮಾಡಿ ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಪಟ್ಟಿಯೊಳಗೆ ಜಾಗ ಮಾಡಿಕೊಳ್ಳುವುದು ಸಾಧ್ಯ. ಮಗುವನ್ನು ಬಿಡಲು ಬಂದ ತಾಯಿಯೊಂದಿಗೆ ಬಾಗಿಲಲ್ಲೇ ಎರಡು ನಿಮಿಷ ಮಾತನಾಡಿದರೆ, ಆಮೇಲೆ ಅವಳ ಮನೆಗೆ ಹೋಗಿ ವಿಚಾರಿಸುವ ಅರ್ಧ ಗಂಟೆ ಉಳಿಯಬಹುದು. ಹಾಡು ಚೆನ್ನಾಗಿ ಬರುವ ಸಹಾಯಕಿ ಮಕ್ಕಳಿಗೆ ಹಾಡು ಕಲಿಸಿ, ಆ ಹೊತ್ತಿನಲ್ಲಿ ಕಾರ್ಯಕರ್ತೆ ತೂಕದ ದಾಖಲೆ ಮುಗಿಸಬಹುದು. ಇಬ್ಬರೂ ಕುಳಿತು ಮಾತನಾಡಿಕೊಂಡರೆ ಮಾತ್ರ ಇದು ಆಗುತ್ತದೆ. 'ಅಡುಗೆ, ಗುಡಿಸುವುದು ನಿನ್ನದು, ಪಾಠ ನನ್ನದು' ಎಂಬ ಗೆರೆ ಗಟ್ಟಿಯಾಗಿದ್ದರೆ ಆಗುವುದಿಲ್ಲ.

ಪ್ರೀತಿಯ ಕೆಲಸಕ್ಕೆ ಕಡಿಮೆ ಕೂಲಿಯೇ?

ಈಗ ಹೇಳಲೇಬೇಕಾದ ಇನ್ನೊಂದು ಮಾತು. ಕೆಲಸವನ್ನು ಮನಸ್ಸಿಟ್ಟು ಹಿಗ್ಗಿಸಿಕೊಳ್ಳುವವರನ್ನು ದುಡಿಸಿಕೊಳ್ಳುವುದು ಬಹಳ ಸುಲಭ.

2009ರಲ್ಲೇ ಸ್ಟುವರ್ಟ್ ಬಂಡರ್‌ಸನ್ ಮತ್ತು ಜೆಫ್ರಿ ಥಾಂಪ್ಸನ್ ಎಂಬ ಸಂಶೋಧಕರು ಪ್ರಾಣಿ ಸಂಗ್ರಹಾಲಯಗಳಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಈ ಕೆಲಸಕ್ಕಾಗಿಯೇ ತಾನು ಹುಟ್ಟಿದ್ದು ಎಂದು ಭಾವಿಸುವವರಿಗೆ ಅದರಲ್ಲಿ ದೊಡ್ಡ ಸಾರ್ಥಕತೆ ಸಿಗುತ್ತಿತ್ತು. ಆದರೆ ಅದೇ ಜನರು ಸಂಬಳ, ಸ್ವಂತ ಸಮಯ, ದೇಹದ ಆರಾಮವನ್ನು ಬಿಟ್ಟುಕೊಡಲು ಹೆಚ್ಚು ಸಿದ್ಧರಿದ್ದರು. ಆಡಳಿತ ತಮ್ಮನ್ನು ಬಳಸಿಕೊಳ್ಳುತ್ತಿದೆಯೇ ಎಂಬ ಸಂಶಯವೂ ಅವರನ್ನು ಕಾಡುತ್ತಿತ್ತು.

ಹೆಣ್ಣುಮಕ್ಕಳ ದುಡಿಮೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮಕ್ಕಳನ್ನು ನೋಡಿಕೊಳ್ಳುವುದು, ರೋಗಿಯ ಆರೈಕೆ, ಪಾಠ ಹೇಳುವುದು ಇವೆಲ್ಲ ಹೆಣ್ಣಿಗೆ ಸಹಜವಾಗಿ ಬರುತ್ತದೆ, ಪ್ರೀತಿಯಿಂದ ಮಾಡುತ್ತಾಳೆ, ಅದಕ್ಕೇಕೆ ಹೆಚ್ಚು ಸಂಬಳ ಎಂಬ ಧೋರಣೆ ಎಷ್ಟೋ ಕಡೆ ಇದೆ. ಅಂಗನವಾಡಿ ಕಾರ್ಯಕರ್ತೆಯರಿಗೆ ಸಿಗುವುದನ್ನು ಸಂಬಳ ಎಂದು ಕರೆಯದೆ 'ಗೌರವಧನ' ಎಂದೇ ಕರೆಯುತ್ತಾ ಬಂದದ್ದು ನಮಗೆ ಗೊತ್ತಿದೆ. ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು, ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪು ನೀಡಿತು. ಯೋಜನೆ ಆರಂಭವಾಗಿ 46 ವರ್ಷ ಕಳೆದ ಮೇಲೆ!

ಆದ್ದರಿಂದ ಕೆಲಸವನ್ನು ತಿದ್ದಿಕೊಳ್ಳುವುದು ನ್ಯಾಯವಾದ ಕೂಲಿಗೆ ಬದಲಿಯಲ್ಲ. 'ದೃಷ್ಟಿ ಬದಲಿಸಿಕೊಳ್ಳಿ, ಎಲ್ಲ ಸರಿಹೋಗುತ್ತದೆ' ಎಂದು ಕಡಿಮೆ ಸಂಬಳದ ನೌಕರರಿಗೆ ಉಪದೇಶ ಮಾಡುವ ಸಂಸ್ಥೆಯು ತನ್ನ ಹೊಣೆಯನ್ನು ಅವರ ಹೆಗಲಿಗೆ ದಾಟಿಸುತ್ತಿದೆ ಎಂದೇ ಅರ್ಥ. ಆಸ್ಪತ್ರೆಯ ಆ ಶುಚಿತ್ವ ಕಾರ್ಮಿಕರು ರೋಗಿಗಳಿಗೆ ತೋರಿದ ಕಾಳಜಿ ದೊಡ್ಡದು. ಅದನ್ನು ಗುರುತಿಸುವ ಕೆಲಸ ಆಸ್ಪತ್ರೆಯದ್ದು.

ಮೇಲಿನವರು ಮಾಡಬೇಕಾದದ್ದು

ನಮ್ಮ ಓದುಗರಲ್ಲಿ ಶಾಲೆಯ ಮುಖ್ಯಶಿಕ್ಷಕಿಯರಿದ್ದಾರೆ, ಅಂಗಡಿಯ ಮಾಲೀಕರ ಮನೆಯವರಿದ್ದಾರೆ, ಟೈಲರಿಂಗ್ ಇಟ್ಟುಕೊಂಡು ನಾಲ್ಕು ಮಂದಿಗೆ ಕೆಲಸ ಕೊಟ್ಟವರಿದ್ದಾರೆ. ಅವರು ಗಮನಿಸಬೇಕಾದ ಒಂದು ಅಧ್ಯಯನವಿದೆ. ಜಸ್ಟಿನ್ ಬರ್ಗ್, ರೆಸ್ನೆಸ್ಕಿ ಮತ್ತು ಡಟನ್ 2010ರಲ್ಲಿ ದೊಡ್ಡ ಹುದ್ದೆಯವರನ್ನೂ ಸಣ್ಣ ಹುದ್ದೆಯವರನ್ನೂ ಹೋಲಿಸಿ ನೋಡಿದರು. ದೊಡ್ಡ ಹುದ್ದೆಯವರಿಗೆ ಅಡ್ಡಿಯಾಗಿದ್ದು ತಮ್ಮ ಸಮಯವನ್ನು ಹೇಗೆ ಕಳೆಯಬೇಕು ಎಂಬ ತಮ್ಮದೇ ಕಲ್ಪನೆ. ಸಣ್ಣ ಹುದ್ದೆಯವರಿಗೆ ಅಡ್ಡಿಯಾಗಿದ್ದು ಬೇರೆಯವರ ನಿರೀಕ್ಷೆ. ಆದರೂ ಸಣ್ಣ ಹುದ್ದೆಯವರು ದಾರಿ ಕಂಡುಕೊಳ್ಳುತ್ತಿದ್ದರು. ಮೊದಲು ಮೇಲಿನವರ ನಂಬಿಕೆ ಗಳಿಸಿ, ಆಮೇಲೆ ಬದಲಾವಣೆಗೆ ಜಾಗ ಮಾಡಿಕೊಳ್ಳುತ್ತಿದ್ದರು. ಆ ನಂಬಿಕೆಯ ಬಾಗಿಲನ್ನು ತೆರೆದಿಡುವುದು ಮೇಲಿನವರ ಕೈಯಲ್ಲಿದೆ.

ಎಲ್ಲ ಕೆಲಸದಲ್ಲೂ ಒಂದೇ ಅಳತೆಯ ಜಾಗವಿರುವುದಿಲ್ಲ ಎಂಬುದೂ ನಿಜ. ಗಾರ್ಮೆಂಟ್ಸ್ ಫ್ಯಾಕ್ಟರಿಯ ಲೈನ್‌ನಲ್ಲಿ ಕುಳಿತು ಗಂಟೆಗೆ ಇಷ್ಟು ಕಾಲರ್ ಎಂಬ ಲೆಕ್ಕದಲ್ಲಿ ಹೊಲಿಯುವವರು ಏನನ್ನು ತಿದ್ದಿಕೊಳ್ಳಬಲ್ಲರು? ಅಲ್ಲಿಯೂ ಕನಿಷ್ಠ ಒಂದನ್ನು ಮಾಡಬಹುದು, ಅವರ ಮಾತನ್ನು ಕೇಳಬಹುದು. ಭಾರತದ ದೊಡ್ಡ ಗಾರ್ಮೆಂಟ್ಸ್ ಕಂಪೆನಿಯೊಂದರಲ್ಲಿ 2016ರಲ್ಲಿ ವೇತನ ಹೆಚ್ಚಳ ಕಾರ್ಮಿಕರ ನಿರೀಕ್ಷೆಗಿಂತ ಕಡಿಮೆಯಾದಾಗ, ಅರ್ಥಶಾಸ್ತ್ರಜ್ಞರು ಕೆಲವು ಕಾರ್ಮಿಕರನ್ನು ಚೀಟಿ ಎತ್ತಿದಂತೆ ಆರಿಸಿ, ಹೆಸರು ಗುಟ್ಟಾಗಿಟ್ಟು ಅಭಿಪ್ರಾಯ ಕೇಳಿದರು. ಕೆಲಸದ ಸ್ಥಿತಿ ಹೇಗಿದೆ, ಸೂಪರ್‌ವೈಸರ್ ಹೇಗಿದ್ದಾರೆ ಎಂಬಂತಹ ಪ್ರಶ್ನೆಗಳು. ಹೀಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಟ್ಟವರೂ ರಜೆ ಹಾಕಿದವರೂ ಕಡಿಮೆ. ಕೇಳಿದ್ದರಿಂದ ಸಂಬಳವೇನೂ ಹೆಚ್ಚಾಗಿರಲಿಲ್ಲ. ಆದರೆ ತಮಗೂ ಒಂದು ಮಾತಿದೆ ಎಂದು ಅವರಿಗೆ ಅನಿಸಿತ್ತು. ಕೇಳಿದ ಮಾತಿನ ಮೇಲೆ ಏನಾದರೂ ಮಾಡಿದರೆ ಇನ್ನೆಷ್ಟು ಒಳ್ಳೆಯದು!

ಎಲ್ಲಿಂದ ಆರಂಭಿಸಬೇಕು?

ನೀವು ಕೆಲಸಕ್ಕೆ ಹೋಗುವವರಾದರೆ, ಅಥವಾ ಮನೆಯಲ್ಲಿ ಕೆಲಸಕ್ಕೆ ಹೋಗುವ ಮಗಳು, ಸೊಸೆ, ಮಗ ಇದ್ದರೆ, ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಇದು ಬರ್ಗ್, ಡಟನ್ ಮತ್ತು ರೆಸ್ನೆಸ್ಕಿ ಅವರೇ ರೂಪಿಸಿದ ಅಭ್ಯಾಸದ ಸರಳ ರೂಪ.

ಮೊದಲು ನೀವು ಮಾಡುವ ಕೆಲಸಗಳನ್ನು ಚೌಕಗಳಾಗಿ ಬರೆಯಿರಿ. ಹೆಚ್ಚು ಸಮಯ ಮತ್ತು ಶಕ್ತಿ ತಿನ್ನುವ ಕೆಲಸಕ್ಕೆ ದೊಡ್ಡ ಚೌಕ, ಕಡಿಮೆಗೆ ಸಣ್ಣ ಚೌಕ. ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ. ನಿಮಗೆ ಚೆನ್ನಾಗಿ ಬರುವ ಕೆಲಸ, ಯಾರಿಗಾದರೂ ನಿಜವಾಗಿ ಉಪಯೋಗವಾಗುವ ಕೆಲಸ ಸಣ್ಣ ಚೌಕದಲ್ಲಿ ಮುದುಡಿ ಕುಳಿತಿದೆಯೇ?

ನಂತರ ಇನ್ನೊಂದು ಹಾಳೆಯಲ್ಲಿ, ನಿಮ್ಮ ಹುದ್ದೆಯ ಮಿತಿಯೊಳಗೇ ಆ ಚೌಕಗಳು ಹೇಗಿರಬೇಕಿತ್ತು ಎಂದು ಬರೆಯಿರಿ. ನಿಮಗೆ ಯಾವುದು ಮುಖ್ಯ, ನಿಮ್ಮ ಕೈಗೆ ಯಾವುದು ಹಗುರ, ಯಾವುದರಲ್ಲಿ ಮನಸ್ಸು ನೆಡುತ್ತದೆ ಎಂಬುದನ್ನು ಪಕ್ಕದಲ್ಲಿ ಗುರುತು ಮಾಡಿ.

ಎರಡು ಹಾಳೆಗಳ ನಡುವಿನ ಅಂತರವನ್ನೆಲ್ಲ ಒಂದೇ ದಿನ ದಾಟಲು ಹೋಗಬೇಡಿ. ಒಂದು ಸಣ್ಣ ಬದಲಾವಣೆ ಆರಿಸಿ, ಮೂರು ನಾಲ್ಕು ವಾರ ಮಾಡಿ ನೋಡಿ. ನಿಮ್ಮ ಜೊತೆ ಕೆಲಸ ಮಾಡುವವರಿಗೆ ಮೊದಲೇ ಹೇಳಿ. ಸಾಧ್ಯವಾದರೆ ಅವರನ್ನೂ ಸೇರಿಸಿಕೊಳ್ಳಿ. ಮೇಲಧಿಕಾರಿಯ ಹತ್ತಿರ ಹೋಗುವಾಗ 'ನನಗೆ ಇದು ಬೇಡ' ಎಂದು ಮಾತು ಆರಂಭಿಸದೆ 'ಇದನ್ನು ಹೀಗೆ ಮಾಡಿದರೆ ಮಕ್ಕಳಿಗೆ, ರೋಗಿಗಳಿಗೆ, ಗ್ರಾಹಕರಿಗೆ ಅನುಕೂಲ' ಎಂದು ಆರಂಭಿಸಿ. ಕೊನೆಯಲ್ಲಿ ಫಲ ಹೇಗಿದೆ ಎಂದು ನೀವೇ ತೀರ್ಮಾನಿಸಬೇಡಿ, ಕೆಲಸದ ಪ್ರಯೋಜನ ಪಡೆಯುವವರನ್ನು ಕೇಳಿ. ನಮ್ಮ ಅಂಕ ನಮಗೆ ಯಾವಾಗಲೂ ಸ್ವಲ್ಪ ಹೆಚ್ಚೇ ಇರುತ್ತದೆ.

ಮತ್ತೊಂದು ಮಾತು. ಹೊಸ ಹೊಣೆಯನ್ನು ಸೇರಿಸಿಕೊಂಡಾಗ ಅದನ್ನು ಬರೆದಿಡಿ. ಇಂತಿಂಥ ಕೆಲಸವನ್ನೂ ನಾನು ಮಾಡುತ್ತಿದ್ದೇನೆ ಎಂದು ವರ್ಷದ ಕೊನೆಯಲ್ಲಿ ಹೇಳಲು ಸಂಕೋಚ ಬೇಡ. ಹೇಳದಿದ್ದರೆ ಮುಂದಿನ ವರ್ಷ ಅದು ನಿಮ್ಮ ಪಟ್ಟಿಯಲ್ಲಿ ಸೇರಿರುತ್ತದೆ, ಸಂಬಳದಲ್ಲಿ ಸೇರಿರುವುದಿಲ್ಲ.

ಸಂಜೆ ಮನೆಗೆ ಬಂದವರಿಗೆ ನಾವು ಚಹಾ ಕೊಟ್ಟು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ಸಂಬಳ ಆಯಿತೇ, ರಜೆ ಯಾವಾಗ? ಎರಡೂ ಬೇಕಾದ ಪ್ರಶ್ನೆಗಳೇ. ಜೊತೆಗೆ ಇನ್ನೊಂದನ್ನು ಸೇರಿಸೋಣ: 'ಇವತ್ತು ಯಾರೂ ಹೇಳದೆಯೇ ನೀನು ಮಾಡಿದ ಒಂದು ಒಳ್ಳೆಯ ಕೆಲಸ ಯಾವುದು?' ಉತ್ತರ ಬರಲು ಕೆಲವು ದಿನ ಬೇಕಾಗಬಹುದು. ಆದರೂ ಕೇಳುತ್ತಿರಿ.